ಹತ್ತು ವರ್ಷದ ಡೆಸ್ಕ್‌ಟಾಪ್: ಬಿಸಾಡುವುದೋ, ಸರಿಪಡಿಸುವುದೋ, ಯಾವ ಬಿಡಿಭಾಗಕ್ಕೆ ದುಡ್ಡು ಹಾಕುವುದು?

ಪ್ರಶ್ನೆ: ಸರ್, ನಮ್ಮ ಮನೆ ಮಲ್ಪೆ ಹತ್ತಿರ, ಕಡಲಿಗೆ ಕೂಗಳತೆ ದೂರ. 2015ರಲ್ಲಿ ಮಂಗಳೂರಿನಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್ ಎಸ್‌ಎಂಪಿಎಸ್. ಆನ್ ಮಾಡಿದರೆ ಕೆಲಸಕ್ಕೆ ಸಿಗುವಾಗ ಐದಾರು ನಿಮಿಷ. ಮಳೆಗಾಲದಲ್ಲಿ ಬೀಪ್ ಬೀಪ್ ಎಂದು ಕೂಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ರ‍್ಯಾಮ್ ತೆಗೆದು ಉಜ್ಜಿ ಹಾಕಿದರೆ ಸರಿಯಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಒಂದು ಅಂಗಡಿಯವರು "ಹಳೇ ಬೋರ್ಡು, ಎಲ್ಲ ಬಿಟ್ಟು ಹೊಸತು ತಗೊಳ್ಳಿ" ಎಂದರು. ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸ್ಪೀಡ್ ಆಗುತ್ತದೆ ಎಂದರು. ಕಡಲ ಕರೆಯಲ್ಲಿ ಡೆಸ್ಕ್‌ಟಾಪ್ ಬಾಳುವುದಿಲ್ಲ, ಲ್ಯಾಪ್‌ಟಾಪೇ ಒಳ್ಳೆಯದು ಎಂದು ಭಾವ ಹೇಳುತ್ತಾರೆ. ವಿಂಡೋಸ್ 10 ಬೇರೆ ನಿಂತಿದೆಯಂತೆ. ಮಗಳು ಸೆಕೆಂಡ್ ಪಿಯುಸಿ, ಮುಂದೆ ಎಂಜಿನಿಯರಿಂಗ್ ಸೇರುತ್ತಾಳೆ. ನನ್ನದು ಟ್ಯಾಲಿ, ಜಿಎಸ್‌ಟಿ ಫೈಲಿಂಗ್ ಅಷ್ಟೆ. 25 ಸಾವಿರಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಏನು ಮಾಡಲಿ? ನಾವೇ ಬಿಚ್ಚಿ ಜೋಡಿಸಬಹುದೇ?

ಉತ್ತರ: ನಿಧಾನದ ಬಗ್ಗೆ ವಿವರವಾಗಿ ಬರೆದಿದ್ದೀರಿ, ಕೈ ಜುಮ್ ಅನ್ನುವುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅದನ್ನು ಸರಿಪಡಿಸದೆ ಈ ಮಿಷನ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಎಸ್‌ಎಂಪಿಎಸ್‌ನ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸುವ ಪೆಟ್ಟಿಗೆಯ) ಒಳಗೆ ಕರೆಂಟ್ ಬರುವ ಜಾಗದಲ್ಲಿ ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸೇರಿರುತ್ತದೆ. ವಿದ್ಯುತ್ತಿನ ಗಲಾಟೆಯನ್ನು ಸೋಸಿ ಅರ್ತ್‌ಗೆ ಬಿಡುವುದು ಅವುಗಳ ಕೆಲಸ. ಅರ್ತ್ ಇಲ್ಲದಿದ್ದರೆ ಆ ಸೋರಿಕೆಗೆ ಹೋಗಲು ದಾರಿಯಿಲ್ಲ, ಕ್ಯಾಬಿನೆಟ್ ಮೈಯಲ್ಲಿ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಕೈ ಜುಮ್ ಅನ್ನುತ್ತದೆ, ಅಷ್ಟೆ. ಹಾಗೆಂದು ಸುಮ್ಮನಿರುವಂತಿಲ್ಲ. ಎಸ್‌ಎಂಪಿಎಸ್‌ನ ಒಳಗೆ ಏನಾದರೂ ಶಾರ್ಟ್ ಆದ ದಿನ ಇದೇ ಮೈಗೆ ಪೂರ್ತಿ 230 ಬರುತ್ತದೆ.

ಕಾರಣ ಹುಡುಕುವುದು ಕಷ್ಟವಲ್ಲ. ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಕ್ಕೆ ಸಿಕ್ಕಿಸಿರಬಹುದು. ಅದು ಸರಿ ಇದ್ದರೆ ಅರ್ತ್ ಗುಂಡಿಯ ಕಡೆ ಹೋಗಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಕಡಲ ಬದಿಯಲ್ಲಾದರೆ ಜಿಐ ಪೈಪಿಗೆ ತಂತಿ ಕೂಡಿಸಿದ ಬೋಲ್ಟೇ ತುಕ್ಕು ಹಿಡಿದು ಬಿಟ್ಟಿರುತ್ತದೆ, ಗುಂಡಿಯ ಮುಚ್ಚಳ ತೆಗೆದರೆ ಕಣ್ಣಿಗೇ ಕಾಣುತ್ತದೆ. ಎಲೆಕ್ಟ್ರಿಷಿಯನ್ನರಿಗೆ ಅರ್ತ್ ಟೆಸ್ಟರ್ ತಂದು ಅಳೆಯಲು ಹೇಳಿ. 5 ಓಂ ಒಳಗೆ ಬಂದರೆ ಒಳ್ಳೆಯದು. ಒಂದು ಎಚ್ಚರಿಕೆ: ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್‌ಗೂ ಅರ್ತ್ ಪಿನ್ನಿಗೂ ಒಂದು ತುಂಡು ವಯರ್ ಹಾಕಿ "ಸರಿಯಾಯಿತು" ಎನ್ನುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ನಿಜ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ಟೇ ಫೇಸ್ ಆಗುತ್ತದೆ. ಹಾಗೆ ಮಾಡಲು ಖಂಡಿತ ಬಿಡಬೇಡಿ.

ಅರ್ತ್ ಇಲ್ಲದ ಮನೆಯಲ್ಲಿ ಸ್ಪೈಕ್ ಬಸ್ಟರ್ ಕೂಡ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಏಕೆಂದರೆ ಹೆಚ್ಚುವರಿ ವೋಲ್ಟೇಜನ್ನು ಅದು ಅರ್ತ್‌ಗೇ ಇಳಿಸಬೇಕು. ನಮ್ಮಲ್ಲಿ ಸಿಡಿಲಿನ ಕಾಟ ಆಟಿ ತಿಂಗಳ ಜಡಿಮಳೆಯಲ್ಲಿ ಅಷ್ಟಿಲ್ಲ. ಏಪ್ರಿಲ್-ಮೇ ಸಂಜೆಗಳಲ್ಲಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ ಜಾಸ್ತಿ. ಆಗ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಬೇಕು, ಜೊತೆಗೆ ರೂಟರ್‌ನಿಂದ ಬರುವ ಲ್ಯಾನ್ ವಯರನ್ನೂ ತೆಗೆಯಬೇಕು. ಮನೆಗೆ ಬರುವ ಫೈಬರ್ ಕೇಬಲ್ ಗಾಜಿನದ್ದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ರೂಟರ್‌ನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ಸಿಡಿಲಿಗೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸತ್ತು ಉಳಿದದ್ದೆಲ್ಲ ಸರಿ ಇರುವುದು ಇದೇ ಕಾರಣಕ್ಕೆ.

ಇನ್ನು ಮಳೆಗಾಲದ ಬೀಪ್. ರ‍್ಯಾಮ್ ಹಾಳಾಗಿಲ್ಲ, ಬೋರ್ಡೂ ಸತ್ತಿಲ್ಲ. ರ‍್ಯಾಮಿನ ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳ ಮೇಲಿನ ಲೇಪ ತೀರಾ ತೆಳು, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕಡಲ ಗಾಳಿಯ ಉಪ್ಪು ಅಲ್ಲಿ ಕೂತು ತೇವ ಹೀರುತ್ತದೆ, ಅಡಿಯಲ್ಲಿರುವ ನಿಕ್ಕಲ್ ಮತ್ತು ತಾಮ್ರ ಕರಗಿ ಸಂಪರ್ಕದ ನಡುವೆ ಪೊರೆ ಕಟ್ಟುತ್ತದೆ. ರಬ್ಬರಿನಿಂದ ಉಜ್ಜಿದಾಗ ಆ ಪೊರೆ ಹೋಗುತ್ತದೆ, ಆದರೆ ಪ್ರತಿ ಸಲ ಲೇಪವೂ ಒಂದಿಷ್ಟು ಸವೆಯುತ್ತದೆ. ಹಾಗಾಗಿ ಮುಂದಿನ ಮಳೆಗಾಲದಲ್ಲಿ ತೊಂದರೆ ಇನ್ನೂ ಬೇಗ ಬರುತ್ತದೆ. ಉಜ್ಜಿದ ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಅದು ಬೇರೆ ತೊಂದರೆ.

ಸರಿಯಾದ ಕ್ರಮ ಹೀಗೆ. ಪ್ಲಗ್ ತೆಗೆದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ರ‍್ಯಾಮ್ ತೆಗೆದು, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಪಟ್ಟಿಗಳನ್ನು ಎರಡೂ ಬದಿ ಒರೆಸಿ. ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡಾದ್ದೇ ಬೇಕು. ಗಾಯ ಒರೆಸುವ ಸ್ಪಿರಿಟ್‌ನಲ್ಲಿ ನೀರು ಜಾಸ್ತಿ. ಪೆಟ್ರೋಲ್, ಸೆಂಟ್ ಬೇಡವೇ ಬೇಡ. ಸ್ಲಾಟಿನ ದೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಹೋಗುತ್ತದೆ. ಐದು ನಿಮಿಷ ಆರಲು ಬಿಟ್ಟು, ಲಾಕ್ ಟಕ್ ಎಂದು ಕೂರುವವರೆಗೆ ಎರಡೂ ತುದಿಯನ್ನು ಸಮನಾಗಿ ಒತ್ತಿ.

ಮಳೆಗಾಲದಲ್ಲಿ ಕಂಪ್ಯೂಟರನ್ನು ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಆಫ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಕವರ್ ಹೊದೆಸುವ ಅಭ್ಯಾಸ ಇದ್ದರೆ ಬಿಡಿ, ತೇವ ಒಳಗೇ ಉಳಿಯುತ್ತದೆ. ಬೆವರುವ ಗೋಡೆಗೆ ತಾಗಿಸಿ ನೆಲದ ಮೇಲೆ ಇಡಬೇಡಿ, ಒಂದಡಿ ಎತ್ತರದ ಮರದ ಸ್ಟೂಲಿನ ಮೇಲಿಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಆಯಿತು ಎನ್ನುವವರಿದ್ದಾರೆ. ಕ್ಯಾಬಿನೆಟ್ ತುಂಬ ಗಾಳಿಕಿಂಡಿಗಳಿರುವಾಗ ಅದು ಒಂದೆರಡು ದಿನದಲ್ಲಿ ತೇವ ತುಂಬಿ ಸುಮ್ಮನಾಗುತ್ತದೆ. ಹಿಂಬದಿಯಲ್ಲಿ ತೆರೆದೇ ಉಳಿದ ಸ್ಲಾಟಿಗೆ ಪಟ್ಟಿ ಹಾಕಿಸಿ, ನಮ್ಮ ಮನೆಗಳ ಹಲ್ಲಿ, ಇರುವೆಗಳಿಗೆ ಎಸ್‌ಎಂಪಿಎಸ್‌ನ ಬಿಸಿ ಬಹಳ ಇಷ್ಟ.

ಭಾವನವರ ಮಾತಿಗೂ ಉತ್ತರ ಇಲ್ಲೇ ಇದೆ. ಉಪ್ಪುಗಾಳಿ ಲ್ಯಾಪ್‌ಟಾಪನ್ನೂ ಬಿಡುವುದಿಲ್ಲ. ಡೆಸ್ಕ್‌ಟಾಪ್ ಆದರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಒರೆಸಬಹುದು, ಹಾಳಾದ ಪಾರ್ಟ್ ಒಂದನ್ನೇ ಬದಲಿಸಬಹುದು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಆದರೆ ಮಗಳು ಸುರತ್ಕಲ್ಲಿಗೋ ನಿಟ್ಟೆಗೋ ಹೋಗಿ ಹಾಸ್ಟೆಲಿನಲ್ಲಿ ಉಳಿಯುವುದಾದರೆ ಲೆಕ್ಕವೇ ಬೇರೆ. ಆಗ ಲ್ಯಾಪ್‌ಟಾಪ್ ಬೇಕಾಗುತ್ತದೆ, 25 ಸಾವಿರವನ್ನು ಅದಕ್ಕೇ ಇಟ್ಟುಕೊಳ್ಳಿ. ಮನೆಯಿಂದಲೇ ಓಡಾಡುವುದಾದರೆ ಮಾತ್ರ ಮುಂದೆ ಹೇಳುವ ಎರಡನೇ ಹಂತಕ್ಕೆ ಹೋಗಿ.

ಈಗ ನಿಧಾನದ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ನೋಡಿ. ಬಹುಮಟ್ಟಿಗೆ ನಿಮ್ಮಲ್ಲಿ ಡಿಸ್ಕ್ ಶೇ. 100 ತೋರಿಸುತ್ತಿರುತ್ತದೆ, ವೇಗ ಮಾತ್ರ ಸೆಕೆಂಡಿಗೆ ಎರಡು ಮೂರು ಎಂಬಿ. ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. 7,200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಮುಳ್ಳು ಸರಿದು ಬೇಕಾದ ಜಾಗಕ್ಕೆ ಹೋಗುವ ಹೊತ್ತು ಸೇರಿಸಿದರೆ, ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಹತ್ತಿರ ಓದುವುದೇ ಕಷ್ಟ. ವಿಂಡೋಸ್ ಶುರುವಾಗುವಾಗ ಕೇಳುವುದು ಅಂಥ ಸಾವಿರಾರು ಫೈಲುಗಳನ್ನು. ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಸಾದಾ ಸಾಟಾ (ಹಾರ್ಡ್‌ಡಿಸ್ಕಿನ ಅದೇ ಕೇಬಲ್ಲಿಗೆ ಸೇರುವ) ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮಾಡುತ್ತದೆ. ಅದರ ಮೇಲೆ 4 ಜಿಬಿ ರ‍್ಯಾಮ್ ತುಂಬಿದ ಕೂಡಲೇ ವಿಂಡೋಸ್ ಹೆಚ್ಚಾದದ್ದನ್ನು ಅದೇ ಸೋತ ಡಿಸ್ಕಿನ ಮೇಲೆ ಬರೆಯುತ್ತದೆ. ನಿಮ್ಮ ಐದಾರು ನಿಮಿಷ ಹೋಗುವುದು ಇಲ್ಲಿ.

ಗ್ರಾಫಿಕ್ಸ್ ಕಾರ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಗ್ಗದ ಜಿಟಿ 710 ತರಹದ ಕಾರ್ಡ್, ನಿಮ್ಮ ಪ್ರೊಸೆಸರಿನೊಳಗೇ ಇರುವ ಎಚ್‌ಡಿ 4600ಕ್ಕಿಂತ ಹೇಳಿಕೊಳ್ಳುವಂಥದ್ದೇನೂ ಕೊಡುವುದಿಲ್ಲ. ಹೊಸ ಆರ್‌ಎಕ್ಸ್ 6400 ತಂದರೆ, ಅದು ಡೇಟಾ ಸಾಗಿಸಲು ಬಳಸುವುದು ನಾಲ್ಕೇ ಲೇನ್ (ದಾರಿ). ನಿಮ್ಮ ಎಚ್81 ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ 2.0 ಎಂಬ ಹಳೆಯ, ನಿಧಾನದ ತಲೆಮಾರಿಗೇ ನಿಲ್ಲುವುದರಿಂದ ಕಾರ್ಡಿನ ಶಕ್ತಿ ಬೋರ್ಡಿನಲ್ಲೇ ಕಟ್ಟಿಹೋಗುತ್ತದೆ.

ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದಕ್ಕೆ ನನ್ನ ಅಳತೆಗೋಲು ಒಂದೇ: ಈಗ ಕೊಂಡ ಪಾರ್ಟ್ ಮುಂದಿನ ಬೋರ್ಡಿಗೂ ಹೋಗುತ್ತದೆಯೇ? ಹೋಗುವುದಾದರೆ ಒಳ್ಳೆಯದನ್ನೇ ತನ್ನಿ. ಹೋಗದಿದ್ದರೆ ಸೆಕೆಂಡ್ ಹ್ಯಾಂಡ್ ಸಾಕು, ಇಲ್ಲವೇ ಬೇಡ.

ಹಾಗಾಗಿ ಮೊದಲ ಹಂತದಲ್ಲಿ 500 ಜಿಬಿ ಆಸುಪಾಸಿನ ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಬೋರ್ಡಿನ ಮೇಲೇ ಕೂರುವ ಎಂ.2 ಎಸ್‌ಎಸ್‌ಡಿ ಈಗ ತರಬೇಡಿ. ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ, ಅಡಾಪ್ಟರ್ ಹಾಕಿದರೂ ಆ ಕಾಲದ ಬಯಾಸ್ (ಆನ್ ಆದ ಕೂಡಲೇ ಓಡುವ ಬೋರ್ಡಿನ ತಂತ್ರಾಂಶ) ಅದರಿಂದ ಬೂಟ್ ಆಗುವುದು ಅನುಮಾನ. ಹೊಸ ಬೋರ್ಡುಗಳಲ್ಲಿ ಸಾಟಾ ಇನ್ನೂ ಇದೆ, ಈ ಎಸ್‌ಎಸ್‌ಡಿ ಮುಂದೆಯೂ ಬರುತ್ತದೆ. ಆನ್‌ಲೈನಿನಲ್ಲಿ ಹೆಸರು ಕೇಳದ ಕಂಪನಿಯ 2 ಟಿಬಿ ಚಿಲ್ಲರೆ ದುಡ್ಡಿಗೆ ಕಂಡರೆ ಅದು ನಕಲಿ. ಡಬ್ಬದ ಮೇಲೆ ಬರೆದಷ್ಟು ಜಾಗ ಒಳಗಿರುವುದಿಲ್ಲ. ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಬಹುದು.

ರ‍್ಯಾಮ್ ಮುಂದಕ್ಕೆ ಹೋಗದ ಪಾರ್ಟ್. ಡಿಡಿಆರ್3 ಕಡ್ಡಿ ಡಿಡಿಆರ್4 ಸ್ಲಾಟಿಗೆ ಕೂರುವುದೇ ಇಲ್ಲ. ಆದ್ದರಿಂದ ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 1600 ಒಂದು ತಂದು ಎರಡನೇ ಸ್ಲಾಟಿಗೆ ಹಾಕಿ, ಒಟ್ಟು 8 ಸಾಕು. ಉದ್ದನೆಯ ಡೆಸ್ಕ್‌ಟಾಪ್ ಕಡ್ಡಿಯೇ ಆಗಿರಲಿ. ತೀರಾ ಅಗ್ಗಕ್ಕೆ ಸಿಗುವ 8 ಜಿಬಿ ಕಡ್ಡಿಗಳ ವಿವರದಲ್ಲಿ ಎಎಂಡಿಗೆ (ಇಂಟೆಲ್‌ನ ಎದುರಾಳಿ ಕಂಪನಿ) ಮಾತ್ರ ಎಂದು ಸಣ್ಣಕ್ಷರದಲ್ಲಿರುತ್ತದೆ, ಅವು ಇಂಟೆಲ್ ಬೋರ್ಡಿನಲ್ಲಿ ಓಡುವುದಿಲ್ಲ. ಹಾಕಿದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡಿ, ಟ್ಯಾಲಿ ಲೆಕ್ಕ ಇರುವ ಮಿಷನ್‌ನಲ್ಲಿ ಅದನ್ನು ಉಳಿಸಿಕೊಳ್ಳಬಾರದು. ಕ್ಯಾಬಿನೆಟ್ ಬಿಚ್ಚಿರುವಾಗಲೇ ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿ. ಪ್ರೊಸೆಸರ್ ಕೂಲರ್ ತೆಗೆದು ಬಿಸಿಯನ್ನು ಕೂಲರಿಗೆ ದಾಟಿಸುವ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ನಡುವಿಗೆ ಬಟಾಣಿಯಷ್ಟು ಹೊಸ ಪೇಸ್ಟ್ ಹಾಕಿ. ಇಂಟೆಲ್ ಕೂಲರಿನ ನಾಲ್ಕು ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಒತ್ತಬೇಕು, ನಾಲ್ಕೂ ಬೋರ್ಡಿನ ಹಿಂದಕ್ಕೆ ಇಣುಕಿದ್ದು ಖಾತ್ರಿಯಾಗಬೇಕು. ಮೂರೇ ಕೂತರೆ ಕೂಲರ್ ಓರೆಯಾಗಿ, ಬಿಸಿ ಏರಿ, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಎಸ್‌ಎಸ್‌ಡಿ ಹಾಕುವ ಮೊದಲು ಟ್ಯಾಲಿ ಡೇಟಾ ಫೋಲ್ಡರ್, ಫೋಟೋ ಎಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಹಳೆ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿದರೆ ಆ ಡಿಸ್ಕಿನಲ್ಲಿ ಮುಖ್ಯವಾದ್ದೇನನ್ನೂ ಬಿಡಬೇಡಿ. ಎಚ್81ರಲ್ಲಿ ಎರಡು ಸಾಟಾ ಪೋರ್ಟ್ 6 ಜಿಬಿಪಿಎಸ್, ಉಳಿದವು 3. ಬೋರ್ಡಿನ ಮೇಲೆ ಪೋರ್ಟಿನ ಬದಿಯಲ್ಲೇ ಬರೆದಿರುತ್ತದೆ, ಎಸ್‌ಎಸ್‌ಡಿಯನ್ನು 6ರದ್ದಕ್ಕೆ ಹಾಕಿ. ಬಯಾಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇರಬೇಕು. ಅತಿ ಮುಖ್ಯ, ಹೆಚ್ಚಿನವರು ತಪ್ಪುವ ಹೆಜ್ಜೆ: ವಿಂಡೋಸ್ ಹಾಕುವಾಗ ಹಳೆ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹಳೆ ಡಿಸ್ಕಿನಲ್ಲೇ ಉಳಿದು, ಮುಂದೆ ಅದು ಸತ್ತ ದಿನ ಹೊಸ ಎಸ್‌ಎಸ್‌ಡಿಯಿಂದಲೂ ಕಂಪ್ಯೂಟರ್ ಶುರುವಾಗುವುದಿಲ್ಲ. ವಿಂಡೋಸ್ ಮೊದಲೇ ಆಕ್ಟಿವೇಟ್ ಆಗಿದ್ದರೆ ಅದೇ ಬೋರ್ಡಿನಲ್ಲಿ ಮತ್ತೆ ಕೀ ಕೇಳುವುದಿಲ್ಲ, ಇಂಟರ್‌ನೆಟ್ ಸಿಕ್ಕಿದ ಕೂಡಲೇ ತಾನೇ ಆಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಕ್ಕೆ, ನಿಮ್ಮದು 4ನೆಯದು. ಅಡ್ಡದಾರಿಯಿಂದ ಹಾಕಿಕೊಡುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ; ಬ್ಯಾಂಕ್, ಜಿಎಸ್‌ಟಿ ಲಾಗಿನ್ ಇರುವ ಮಿಷನ್‌ಗೆ ನಾನು ಅದನ್ನು ಹೇಳುವುದಿಲ್ಲ. ಲಿನಕ್ಸ್ ಮಗಳ ಕೋಡಿಂಗಿಗೆ ಬಹಳ ಒಳ್ಳೆಯದು, ಟ್ಯಾಲಿ ಮಾತ್ರ ವಿಂಡೋಸಿನದ್ದು.

ಎರಡನೇ ಹಂತ, ಮಗಳು ಕಾಲೇಜಿಗೆ ಸೇರಿದ ಮೇಲೆ: ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್. ಕ್ಯಾಬಿನೆಟ್, ಮಾನಿಟರ್, ಎಸ್‌ಎಸ್‌ಡಿ ಇದ್ದದ್ದೇ. ಈ ಬಜೆಟ್ಟಿಗೆ ಎರಡು ದಾರಿ: ಇಂಟೆಲ್ ಐ3-12100 ಜೊತೆ ಡಿಡಿಆರ್4 ಹಾಕುವ ಎಚ್610 ಬೋರ್ಡ್, ಇಲ್ಲವೇ ಎಎಂಡಿಯ ರೈಜನ್ 5 5600ಜಿ ಜೊತೆ ಬಿ550 ಅಥವಾ ಎ520 ಬೋರ್ಡ್. ಪೈಥಾನ್, ಸಿ, ಆಟೋಕ್ಯಾಡ್‌ನ 2ಡಿ ಚಿತ್ರಕ್ಕೆ ಎರಡೂ ಧಾರಾಳ ಸಾಕು. ಟ್ಯಾಲಿ ಮತ್ತು ಕ್ಯಾಡ್ ಮುಖ್ಯವಾದರೆ ಐ3. ಅಲ್ಲಿ ಒಂದು ಕೋರಿನ ವೇಗವೇ ಲೆಕ್ಕ. ಆರು ಕೋರ್ ಇರುವ 5600ಜಿ, ಕೋಡ್ ಕಂಪೈಲ್ ಮಾಡುವುದಕ್ಕೂ ಹಗುರ ಆಟಗಳಿಗೂ ಮುಂದು. ಆದರೆ ಅದರ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುವುದರಿಂದ 8 ಜಿಬಿಯ ಎರಡು ಕಡ್ಡಿ ಬೇಕು, 16ರ ಒಂದೇ ಕಡ್ಡಿ ಹಾಕಿದರೆ ಎದ್ದು ಕಾಣುವಷ್ಟು ಸೊರಗುತ್ತದೆ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ಮತ್ತು ರೈಜನ್ 5500 ಸ್ವಲ್ಪ ಅಗ್ಗಕ್ಕೆ ಸಿಗುತ್ತವೆ, ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆಯೇ ಬರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಆದ್ದರಿಂದ ಹಳೆಯ ಕೊಟೇಶನ್ ನಂಬದೆ ಆ ವಾರದ ದರ ಎರಡು ಅಂಗಡಿಗಳಲ್ಲಿ ಬರೆಸಿಕೊಳ್ಳಿ. ಲೆಕ್ಕ ಮೀರಿದರೆ ಐ3ಗೆ 8 ಜಿಬಿಯ ಒಂದು ಕಡ್ಡಿಯಿಂದ ಶುರು ಮಾಡಿ ಎರಡನೇ ಸ್ಲಾಟ್ ಖಾಲಿ ಬಿಡಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ.

ಏಕೆಂದರೆ ನಿಮ್ಮ 450 ವ್ಯಾಟ್ ಎಂಬುದು ಡಬ್ಬದ ಮೇಲಿನ ಮಾತು. ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ. 16 ಎಂದಿದ್ದರೆ 12 ಗುಣಿಸು 16, ಅಂದರೆ 192 ವ್ಯಾಟ್. ಇಂದಿನ ಪ್ರೊಸೆಸರ್ ಎಳೆಯುವುದೆಲ್ಲ ಆ ಸಾಲಿನಿಂದಲೇ. ಹತ್ತು ವರ್ಷದ ಕರಾವಳಿ ಸೆಕೆಗೆ ಅದರ ಕೆಪಾಸಿಟರ್ ಒಣಗಿ ವೋಲ್ಟೇಜ್ ಏರಿಳಿಯುತ್ತದೆ, ಅಂಥದ್ದು ಸಾಯುವಾಗ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಲ್ಲದು. 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಎಂಬ ಗುರುತು) ಇರುವ 450 ಅಥವಾ 550 ವ್ಯಾಟಿನದ್ದು ತನ್ನಿ, ವಾರಂಟಿ ಕನಿಷ್ಠ 3 ವರ್ಷ ಇರಲಿ. ಹಳೆಯದನ್ನು ಬಿಚ್ಚಿ ನೋಡುವ ಆಸೆ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ಯುಪಿಎಸ್ ಇದ್ದರೆ ಹೊಸ ಎಸ್‌ಎಂಪಿಎಸ್ ಬಂದ ದಿನವೇ ಕರೆಂಟ್ ತೆಗೆದು ಪರೀಕ್ಷಿಸಿ. ಅಗ್ಗದ ಯುಪಿಎಸ್ ಕೊಡುವ ಚೌಕ ಅಲೆ ಕೆಲವು ಹೊಸ ಎಸ್‌ಎಂಪಿಎಸ್‌ಗಳಿಗೆ ಒಗ್ಗದೆ ಕಂಪ್ಯೂಟರ್ ಆ ಕ್ಷಣವೇ ಆರಿಬಿಡುತ್ತದೆ.

ಮೂರನೇ ದಾರಿ, ಕಚೇರಿಗಳಿಂದ ಹೊರಬಂದ ಐ5-8500 ತರಹದ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಡೆಸ್ಕ್‌ಟಾಪ್. ವಿಂಡೋಸ್ 11 ಸರಿಯಾಗಿ ಓಡುತ್ತದೆ, ಬೆಲೆಯೂ ಕೈಗೆಟುಕುತ್ತದೆ. ತೊಡಕು ಏನೆಂದರೆ ಅವುಗಳ ಬೋರ್ಡ್, ಎಸ್‌ಎಂಪಿಎಸ್, ಕನೆಕ್ಟರ್ ಆಯಾ ಕಂಪನಿಯದ್ದೇ ಅಳತೆ. ನಾಳೆ ಎಸ್‌ಎಂಪಿಎಸ್ ಹೋದರೆ ಉಡುಪಿಯ ಅಂಗಡಿಯಲ್ಲಿ ಸಿಗುವುದು ಹೊಂದುವುದಿಲ್ಲ. ಆನ್‌ಲೈನಿನಲ್ಲಿ "ಹೊಸ" ಎಚ್61 ಬೋರ್ಡ್ ಜೊತೆ ಐ7 ಕಾಂಬೊ ಕಾಣುತ್ತದಲ್ಲ, ಅದರಲ್ಲಿರುವುದು ಹಳೇ ಚಿಪ್ಪು, ನಿಮ್ಮ ಈಗಿನದಕ್ಕಿಂತಲೂ ಹಿಂದಿನದು. ಬೇಡ.

ನೀವೇ ಜೋಡಿಸಬಹುದೇ? ಎಸ್‌ಎಸ್‌ಡಿ, ರ‍್ಯಾಮ್ ಖಂಡಿತ ಹಾಕಬಹುದು. ಹೊಸ ಬೋರ್ಡನ್ನೂ ಮಗಳ ಜೊತೆ ಕೂತು ಹಾಕಬಹುದು, ನಾಲ್ಕು ಕಡೆ ಎಚ್ಚರವಿದ್ದರೆ. ಇಂಟೆಲ್ ಸಾಕೆಟ್ಟಿನ ಪಿನ್‌ಗಳು ಬೋರ್ಡಿನಲ್ಲಿರುತ್ತವೆ, ಬೆರಳು ತಾಗಿದರೂ ಬಾಗುತ್ತವೆ. ಬಾಗಿದ ಪಿನ್ನಿಗೆ ವಾರಂಟಿ ಇಲ್ಲ, ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಜೋಪಾನವಾಗಿಡಿ. ಹಳೆ ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಅಡಿಗೆ ಬರುವ ಹಿತ್ತಾಳೆ ಗುಬ್ಬಿಗಳಲ್ಲಿ ಹೊಸ ಬೋರ್ಡಿನ ತೂತಿಗೆ ಹೊಂದದವನ್ನು ಮೊದಲೇ ತೆಗೆಯಿರಿ, ಉಳಿದರೆ ಬೋರ್ಡ್ ಶಾರ್ಟ್ ಆಗುತ್ತದೆ. 5600ಜಿ ಕೊಂಡರೆ ಬೋರ್ಡಿನ ಬಯಾಸ್ ಅದಕ್ಕೆ ತಕ್ಕಂತೆ ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿ, ಪ್ರೊಸೆಸರ್ ಡಬ್ಬ ಸಹಿತವೇ ತನ್ನಿ. ಡಬ್ಬವಿಲ್ಲದೆ ಬಿಡಿಯಾಗಿ ಮಾರುವುದಕ್ಕೆ ಕಂಪನಿಯ ವಾರಂಟಿ ನಿಮಗೆ ಸಿಗುವುದಿಲ್ಲ.

ಎಲ್ಲ ಜೋಡಿಸಿ ಆನ್ ಮಾಡಿದಾಗ ಫ್ಯಾನ್ ತಿರುಗಿ ಪರದೆ ಬಾರದಿದ್ದರೆ ಗಾಬರಿ ಬೇಡ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ಕೇಬಲ್ ಬಿಟ್ಟುಹೋಗಿದೆಯೇ ನೋಡಿ, ಹೆಚ್ಚಾಗಿ ಮರೆಯುವುದು ಅದನ್ನೇ. ಆಮೇಲೆ ರ‍್ಯಾಮ್ ತೆಗೆದು ಒಂದೇ ಕಡ್ಡಿಯನ್ನು ಮತ್ತೆ ಒತ್ತಿ ಕೂರಿಸಿ, ಮಾನಿಟರ್ ಕೇಬಲ್ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ. ಇಷ್ಟಾದರೂ ಬರದಿದ್ದರೆ ಬಿಲ್ ಸಮೇತ ಕೊಂಡ ಅಂಗಡಿಗೇ ಒಯ್ಯಿರಿ. ಕೆಲವು ಪಾರ್ಟುಗಳ ವಾರಂಟಿ ಬೆಂಗಳೂರಿಗೆ ಹೋಗಿ ಬರಬೇಕಾಗುವುದರಿಂದ, ಹಳೆ ಬೋರ್ಡನ್ನು ಒಂದೆರಡು ತಿಂಗಳು ಯಾರಿಗೂ ಕೊಡದೆ ಇಟ್ಟುಕೊಳ್ಳಿ.